ಮೊಡವೆ ಬಂತು ಅಂತ ಮೊಟ್ಟೆ ಕಿತ್ಕೋಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಮೊಡವೆ ವಿಷಯ ಮಾತಾಡೋಣ, ಅದರಲ್ಲೂ ಊಟಕ್ಕೂ ಮೊಡವೆಗೂ ಏನು ಸಂಬಂಧ ಅನ್ನೋದು. ಮನೆಯಲ್ಲಿ ಹುಡುಗಿಗೆ ಹದಿಮೂರೋ ಹದಿನಾಲ್ಕೋ ಆಗಿ ಮುಖದ ಮೇಲೆ ನಾಲ್ಕು ಗುಳ್ಳೆ ಎದ್ರೆ ಸಾಕು, ಅಜ್ಜಿ ಕಡ್ಲೆಕಾಯಿ ಮುಟ್ಬೇಡ ಅಂತಾರೆ, ಅಮ್ಮ ಮೊಟ್ಟೆ ಹೀಟು ಅಂತಾರೆ, ಪಕ್ಕದ್ಮನೆಯವರು ಬದನೆಕಾಯಿ ನಂಜು ಅಂತಾರೆ, ಮಾವಿನಹಣ್ಣಿನ ಕಾಲ ಬಂದ್ರೆ ಅದೂ ಬೇಡ. ಕೊನೆಗೆ ತಟ್ಟೇಲಿ ಉಳಿಯೋದು ಬಿಳಿ ಅನ್ನ, ತಿಳಿಸಾರು, ಸಂಜೆಗೆ ಟೀ ಜೊತೆ ಬೇಕರಿ ಬನ್ನು. ನನಗೆ ತುಂಬ ಸಂಕಟ ಆಗೋದು ಇಲ್ಲೇ. ಬೆಳೆಯೋ ವಯಸ್ಸು, ಮುಟ್ಟು ಶುರುವಾಗಿರುತ್ತೆ, ಪ್ರೋಟೀನ್ ಬೇಕಾಗಿರೋದೇ ಆ ಮಗೂಗೆ, ಅದನ್ನ ಕಿತ್ಕೊಂಡು ಮೊಡವೆ ವಿಚಾರದಲ್ಲಿ ನಿಜವಾಗಿ ಅನುಮಾನ ಪಡಬೇಕಾದ ಬನ್ನನ್ನ ಹಾಗೇ ಬಿಟ್ಟಿರ್ತೀವಿ.

ಮೊಡವೆ ಹುಟ್ಟೋದು ಹೊಟ್ಟೆಯ ಉಷ್ಣದಿಂದ ಅಲ್ಲ. ಹದಿವಯಸ್ಸಲ್ಲಿ ಆಂಡ್ರೋಜನ್ ಅನ್ನೋ ಹಾರ್ಮೋನು ಜಾಸ್ತಿ ಆಗುತ್ತೆ, ಹುಡುಗೀರಲ್ಲೂ ಆಗುತ್ತೆ, ಆಗ ಚರ್ಮದ ಎಣ್ಣೆ ಗ್ರಂಥಿಗಳು ಜಿಡ್ಡು ಜಾಸ್ತಿ ಸುರಿಸ್ತವೆ, ಸತ್ತ ಚರ್ಮ ಸೇರ್ಕೊಂಡು ಕೂದಲಿನ ರಂಧ್ರದ ಬಾಯಿ ಕಟ್ಟುತ್ತೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಕೆಂಪಗೆ ಊದ್ಕೊಳ್ಳುತ್ತೆ. ಅಪ್ಪ ಅಮ್ಮನಿಗೆ ಮೊಡವೆ ಇದ್ರೆ ಮಕ್ಕಳಿಗೂ ಬರೋ ಸಾಧ್ಯತೆ ಜಾಸ್ತಿ. ಹಾಗಾದ್ರೆ ಊಟಕ್ಕೆ ಸಂಬಂಧವೇ ಇಲ್ವಾ? ಇದೆ.

1969ರಲ್ಲಿ ಅಮೆರಿಕದಲ್ಲಿ 65 ಜನಕ್ಕೆ ಚಾಕ್ಲೇಟ್ ತಿನ್ನಿಸಿ ನೋಡಿ ಮೊಡವೆಗೂ ಇದಕ್ಕೂ ಸಂಬಂಧ ಇಲ್ಲ ಅಂದ್ರು, ಎಷ್ಟೋ ವರ್ಷ ಡಾಕ್ಟರುಗಳೂ ಊಟದ ಪಾತ್ರ ಏನೂ ಇಲ್ಲ ಅಂತಾನೇ ಹೇಳ್ತಿದ್ರು. ಆದ್ರೆ ಹೋಲಿಕೆಗೆ ಅಂತ ಕೊಟ್ಟಿದ್ದ ಇನ್ನೊಂದು ಮಿಠಾಯಿಯಲ್ಲೂ ಸಕ್ಕರೆ ಕೊಬ್ಬು ಧಾರಾಳವಾಗೇ ಇತ್ತು, ಆಮೇಲೆ ವ್ಯತ್ಯಾಸ ಎಲ್ಲಿಂದ ಕಾಣಬೇಕು? 2002ರಲ್ಲಿ ಪಪುವಾ ನ್ಯೂಗಿನಿಯ ಕಿಟಾವ ದ್ವೀಪದ ಸುಮಾರು 1200 ಜನರನ್ನ ಪರೀಕ್ಷೆ ಮಾಡಿದ ವರದಿ ಬಂತು, ಗೆಡ್ಡೆ ಗೆಣಸು ಮೀನು ತೆಂಗಿನಕಾಯಿ ಹಣ್ಣು ತಿನ್ನೋ ಜನ, ಒಬ್ಬರಿಗೂ ಮೊಡವೆ ಇರಲಿಲ್ಲ. ಅವರ ವಂಶವಾಹಿಯೂ ಕಾರಣ ಇರಬಹುದು, ಅದೊಂದನ್ನೇ ನಂಬೋಕಾಗಲ್ಲ. ಹಾಗಾಗಿ 2007ರ ಆಸ್ಟ್ರೇಲಿಯಾದ ಪ್ರಯೋಗ ನನಗೆ ಮುಖ್ಯ ಅನ್ಸುತ್ತೆ. 43 ಹುಡುಗರು, 12 ವಾರ, ಒಂದು ಗುಂಪಿಗೆ ಸಕ್ಕರೆ ಮೈದಾ ಕಡಿಮೆ ಇರೋ, ಪ್ರೋಟೀನ್ ಜಾಸ್ತಿ ಇರೋ ಊಟ. ಆ ಗುಂಪಿನವರಲ್ಲಿ ಗುಳ್ಳೆ ಹೆಚ್ಚು ಇಳೀತು. ತೂಕವೂ ಇಳೀತು, ಅದರ ಪಾಲೂ ಇರಬಹುದು.

ಕಾರಣ ಏನಂದ್ರೆ, ಸಕ್ಕರೆ ರಕ್ತಕ್ಕೆ ಥಟ್ಟನೆ ಏರಿದ್ರೆ ಇನ್ಸುಲಿನ್ ಏರುತ್ತೆ, ಅದರ ಹಿಂದೇನೇ ಬೆಳವಣಿಗೆಯ ಇನ್ನೊಂದು ಹಾರ್ಮೋನು, ಇವೆರಡೂ ಎಣ್ಣೆ ಗ್ರಂಥಿನ ಕೆಣಕುತ್ತವೆ. ಪಫ್ಸು, ಬನ್ನು, ಬಾಟಲಿ ಜ್ಯೂಸು, ದೊಡ್ಡ ರಾಶಿ ಬಿಳಿ ಅನ್ನ, ಎಲ್ಲಾ ಈ ಲೆಕ್ಕಕ್ಕೇ ಬರುತ್ತೆ. ಬೆಲ್ಲ ಹಾಕಿದ್ರೆ ಪರವಾಗಿಲ್ಲ ಅನ್ನೋ ಹಾಗಿಲ್ಲ, ಅದೂ ಸಕ್ಕರೆ ಏರಿಸುತ್ತೆ. ರಾಗಿ ಮಾಲ್ಟ್ ಅಂತ ನುಣ್ಣನೆ ಹಿಟ್ಟಿಗೆ ನಾಲ್ಕು ಚಮಚ ಸಕ್ಕರೆ ಸುರಿದು ಕುಡಿದ್ರೂ ಅಷ್ಟೇ. ಅನ್ನ ಬಿಡಿ ಅಂತ ಹೇಳ್ತಾ ಇಲ್ಲ ನಾನು, ಅನ್ನ ಸ್ವಲ್ಪ ಕಡಿಮೆ ಮಾಡಿ ಹುಳಿ, ಪಲ್ಯ, ಕಾಳು, ಮೊಟ್ಟೆ ಜಾಸ್ತಿ ಮಾಡಿ. ಕರಿದಿದ್ದು ತಿಂದ ಎಣ್ಣೆ ನೇರ ಮುಖಕ್ಕೆ ಬರುತ್ತೆ ಅನ್ನೋದು ಸುಳ್ಳು, ಆದ್ರೆ ತಲೆಗೆ ದಪ್ಪಗೆ ಎಣ್ಣೆ ಹಚ್ಚಿ ಹಣೆ ಮೇಲೆ ಇಳಿಯೋಕೆ ಬಿಟ್ರೆ ಅಲ್ಲಿ ಗುಳ್ಳೆ ಏಳುತ್ತೆ.

ಹಾಲಿನ ವಿಷಯ ಅಷ್ಟು ಖಚಿತವಾಗಿಲ್ಲ. ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಲ್ಲಿ, 2005ರಲ್ಲಿ, ಹಾಲು ಜಾಸ್ತಿ ಕುಡಿದವರಲ್ಲಿ, ಅದರಲ್ಲೂ ಕೆನೆ ತೆಗೆದ ಹಾಲು ಕುಡಿದವರಲ್ಲಿ ಮೊಡವೆ ಹೆಚ್ಚು ಕಂಡಿತ್ತು, ಆದ್ರೆ ಅದು ನೆನಪಿನಿಂದ ಹೇಳಿದ ಲೆಕ್ಕ. ಅದಕ್ಕಂತ ಮಗು ಹಾಲನ್ನ ನಿಲ್ಲಿಸ್ಬೇಡಿ. ಜಿಮ್‌ಗೆ ಹೋಗೋ ಹುಡುಗರು ವೇ ಪ್ರೋಟೀನ್, ಅಂದ್ರೆ ಹಾಲಿನಿಂದಲೇ ತೆಗೆದ ಪ್ರೋಟೀನ್ ಪುಡಿ, ಶುರು ಮಾಡಿದ ಮೇಲೆ ಬೆನ್ನು ಮುಖದಲ್ಲಿ ಮೊಡವೆ ಜೋರಾಗಿದ್ರೆ ಮಾತ್ರ ಎರಡ್ಮೂರು ತಿಂಗಳು ಬಿಟ್ಟು ನೋಡಿ.

ಇಷ್ಟೆಲ್ಲಾ ಮಾಡಿದ್ರೂ ಊಟ ಒಂದರಿಂದಲೇ ಜೋರು ಮೊಡವೆ ವಾಸಿ ಆಗಲ್ಲ, ಪಥ್ಯ ಅಂತ ವರ್ಷಗಟ್ಟಲೆ ಕಾದ್ರೆ ಕಲೆ, ಕುಳಿ ಉಳ್ಕೊಳ್ಳುತ್ತೆ. ಔಷಧಿ ಅಂಗಡೀಲಿ ಕೇಳಿ ಬೆಳ್ಳಗಾಗೋ ಕ್ರೀಮ್ ತಂದು ಹಚ್ಬೇಡಿ, ಎಷ್ಟೋ ಕ್ರೀಮಲ್ಲಿ ಸ್ಟೀರಾಯ್ಡ್ ಇರುತ್ತೆ, ಮೊದಲು ಚೆನ್ನಾಗಿ ಕಂಡು ಆಮೇಲೆ ಮುಖ ತುಂಬ ಗುಳ್ಳೆ, ಚರ್ಮ ತೆಳ್ಳಗೆ. ಜಿಲ್ಲಾ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗಿ. ಮುಟ್ಟು ಸರಿಯಾಗಿ ಆಗ್ತಿಲ್ಲ, ಗಲ್ಲದ ಮೇಲೆ ಕೂದಲು ಬರ್ತಿದೆ ಅಂದ್ರೆ ಹುಡುಗಿ ನಾಚ್ಕೋಬಾರ್ದು, ಅದನ್ನೂ ಹೇಳ್ಬೇಕು, ಪಿಸಿಓಎಸ್ ಅನ್ನೋ ಹಾರ್ಮೋನು ಏರುಪೇರಿನ ತೊಂದರೆ ಇರಬಹುದು. ಕೊಟ್ಟ ಔಷಧಿ ಕೆಲಸ ತೋರಿಸೋಕೆ ಎಂಟು ಹನ್ನೆರಡು ವಾರ ಬೇಕು, ಹದಿನೈದು ದಿನಕ್ಕೆ ಬಿಟ್ಬಿಡ್ಬೇಡಿ. ನಮಸ್ಕಾರ.