ಮೇಲಿನ ಒಂದು ಗೇಣು

ಕೊನೆಕೊಯ್ಲಿನ ನಡುವೆ, ಅಡಿಕೆ ಸುಲಿಯುವುದನ್ನು ಬಿಟ್ಟು ಇಷ್ಟು ಜನ ಬಂದಿದ್ದೀರಿ. ಎಲ್ಲರಿಗೂ ನಮಸ್ಕಾರ. ಇವತ್ತು ಡಿಸೆಂಬರ್ 5, ವಿಶ್ವ ಮಣ್ಣು ದಿನ. ಮೇಜಿನ ಮೇಲೆ ಎರಡು ಗಾಜಿನ ಲೋಟಗಳಲ್ಲಿ ನೀರಿಟ್ಟಿದ್ದೇನೆ. ಎಡಗಡೆಯದಕ್ಕೆ ನಮ್ಮ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ದರಗು ತರುವ ಕಾಡಿನ, ಒಣ ಹೆಂಟೆ ಹಾಕುತ್ತಿದ್ದೇನೆ. ಬಲಗಡೆಯದಕ್ಕೆ ಹಿಟಾಚಿಯಿಂದ ಸಮತಟ್ಟು ಮಾಡಿಸಿದ ಗುಡ್ಡದ ಹೆಂಟೆ. ಮಕ್ಕಳೇ, ಮೇಜು ಮುಟ್ಟಬೇಡಿ.

ನಮ್ಮದು ಮಳೆ ತೊಳೆದ ಮಣ್ಣು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಆ ನೀರು ಸುಣ್ಣದ ಅಂಶ, ಮೆಗ್ನೀಸಿಯಂ ಎಲ್ಲವನ್ನೂ ಹೊಳೆಗೆ ಒಯ್ಯುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಅದಕ್ಕೇ ಮಣ್ಣು ಕೆಂಪು, ಅದಕ್ಕೇ ಹುಳಿ. ಹಾಗಾದರೆ ಇಂಥ ಬಡ ಮಣ್ಣಿನ ಮೇಲೆ ಕಾನು, ನಮ್ಮ ನಿತ್ಯಹಸಿರು ಕಾಡು, ಅಷ್ಟು ದಟ್ಟವಾಗಿ ಹೇಗೆ ಬೆಳೆಯಿತು? ಮೇಲಿನ ಒಂದು ಗೇಣಿನಿಂದ. ದರಗು, ಅಂದರೆ ಒಣಗಿದ ಎಲೆ, ಬೀಳುತ್ತದೆ, ಕೊಳೆಯುತ್ತದೆ, ಮಳೆ ಒಯ್ಯುವ ಮೊದಲೇ ಬೇರು ಅದನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಸಂಪತ್ತೆಲ್ಲ ಆ ಒಂದು ಗೇಣಿನಲ್ಲಿ ಸುತ್ತುತ್ತಿದೆ.

ನನ್ನ ಭಾವ ಎರಡು ವರ್ಷದ ಹಿಂದೆ ಗುಡ್ಡ ಕಡಿಸಿ ಅಡಿಕೆ ಸಸಿ ನೆಟ್ಟರು. ಒಂದೇ ಮಡಿಯ ಸಸಿ, ಒಂದೇ ದಿನ ನೆಟ್ಟದ್ದು. ಮಣ್ಣು ತಳ್ಳಿದ ಕೆಳಬದಿಯಲ್ಲಿ ಗಿಡ ಹಸಿರಾಗಿ ಎದ್ದಿತು, ಕಡಿದ ಮೇಲ್ಬದಿಯಲ್ಲಿ ಹಳದಿಯಾಗಿ ನಿಂತೇ ಬಿಟ್ಟಿತು. ಭಾವ ಸೂಪರ್ ಫಾಸ್ಫೇಟ್ ಹಾಕಿದರು, ಮತ್ತೂ ಹಾಕಿದರು. ಹುಳಿ ಮಣ್ಣಿನ ಕಬ್ಬಿಣ ಆ ಗೊಬ್ಬರದ ರಂಜಕವನ್ನು ಹಿಡಿದುಕೊಂಡರೆ ಗಿಡಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಳೆ ನಿಂತು ನಾಲ್ಕು ದಿನವಾದರೂ ಗುಂಡಿಯಲ್ಲಿ ನೀರು ಇಂಗಿರಲಿಲ್ಲ. ಒಂದು ಸಸಿ ಕಿತ್ತು ನೋಡಿದೆವು. ಬೇರು ಗುಂಡಿಯ ಗೋಡೆ ದಾಟದೆ, ಮಡಕೆಯಲ್ಲಿ ಬೆಳೆದಂತೆ ಸುತ್ತಿಕೊಂಡಿತ್ತು. ಪಕ್ಕದಲ್ಲಿ ಹಾರೆ ಹಾಕಿದರೆ ಠಣ್ ಎಂದಿತು. ಅಕ್ಕ ಆ ಬೇರನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಒಳ್ಳೆಯ ಮಣ್ಣಿನಲ್ಲಿ ಅರ್ಧದಷ್ಟು ಖಾಲಿ ಜಾಗವೇ ಇರುತ್ತದೆ. ಅದರಲ್ಲಿ ಸುಮಾರು ಅರ್ಧ ಗಾಳಿಗೆ, ಅರ್ಧ ನೀರಿಗೆ. ಬೇರಿಗೂ ಉಸಿರು ಬೇಕು. ನಮ್ಮ ಹಿರಿಯರು ತೋಟದಲ್ಲಿ ಬಸಿಗಾಲುವೆ ತೋಡಿದ್ದು ಅದಕ್ಕೇ. ಭತ್ತಕ್ಕೆ ನೀರು ಹಿಡಿಯುವ ಜೇಡಿ ಒಳ್ಳೆಯದು, ಅಡಿಕೆಗೆ ಅದೇ ಕುತ್ತು. ಗದ್ದೆಯನ್ನು ತೋಟ ಮಾಡುವವರು ಸಸಿಗಿಂತ ಮೊದಲು ಕಾಲುವೆಯ ಲೆಕ್ಕ ಹಾಕಬೇಕು.

ಕೆಳದಿಯ ಅರಸ ಶಿವಪ್ಪ ನಾಯಕನ ಶಿಸ್ತು, ಅಂದರೆ ಆತ ಮಾಡಿದ ಭೂಕಂದಾಯದ ಕ್ರಮ, ನಿಮಗೆಲ್ಲ ಗೊತ್ತು. ಆತ ಫಲವತ್ತತೆ ನೋಡಿ ಭೂಮಿಯನ್ನು ಐದು ದರ್ಜೆ ಮಾಡಿದ, ಒಂದೊಂದು ದರ್ಜೆಯ ಹೊಲವನ್ನೂ 12 ವರ್ಷ ಸರ್ಕಾರದಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ್ದು ಬೆಳೆದದ್ದು ಬರೆಸಿ, ಆಮೇಲೆ ಕಂದಾಯ ಗೊತ್ತುಮಾಡಿದ ಎನ್ನುತ್ತಾರೆ. 17ನೇ ಶತಮಾನದ ಅರಸ ಮಣ್ಣನ್ನು ತಿಳಿಯಲು 12 ವರ್ಷ ಕಾದ. ನಾವು ಹಿಟಾಚಿಗೆ ಒಂದು ದಿನದ ಬಾಡಿಗೆ ಕೊಟ್ಟು ಆ ಒಂದು ಗೇಣನ್ನು ಹೂತುಬಿಡುತ್ತೇವೆ. ಸಮತಟ್ಟು ಮಾಡಿಸಲೇಬೇಕಾದರೆ ಮೇಲ್ಮಣ್ಣನ್ನು ಮೊದಲು ಕೆರೆದು ಬದಿಗೆ ರಾಶಿ ಹಾಕಿಸಿ, ಕೊನೆಯಲ್ಲಿ ಮೇಲೆ ಹರಡಿಸಿ. ಎರಡು ತಾಸು ಬಾಡಿಗೆ ಹೆಚ್ಚಾಗಬಹುದು, ಆಗಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಊಟ ಸಿದ್ಧವಾಗಿದೆಯಂತೆ. ಮಣ್ಣಿನ ಹುಳಿ ತಗ್ಗಿಸಲು ಹಾಕುವ ಸುಣ್ಣದ ವಿಷಯ ಚುಟುಕಾಗಿ ಹೇಳುತ್ತೇನೆ. ಅಂದಾಜಿನ ಮೇಲೆ ಹಾಕಬೇಡಿ, ಪರೀಕ್ಷೆ ಮಾಡಿಸಿ. ತೋಟದ ಹತ್ತು ಕಡೆ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋ ಸಾಕು. ಗೊಬ್ಬರಗುಂಡಿಯ ಪಕ್ಕದಿಂದ ತೆಗೆಯಬೇಡಿ. ಸುಣ್ಣ ಹಾಕಿದ ಬೆನ್ನಿಗೇ ಯೂರಿಯಾ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ.

ಈಗ ಲೋಟ ನೋಡಿ. ಬಲಗಡೆಯದು ಪೂರ್ತಿ ಕರಗಿ ನೀರು ರಾಡಿಯಾಗಿದೆ. ಎಡಗಡೆಯ ಹೆಂಟೆ ಇನ್ನೂ ಹೆಂಟೆಯಾಗಿಯೇ ಇದೆ. ಕೊಳೆತ ಎಲೆ, ಎರೆಹುಳು, ಶಿಲೀಂಧ್ರದ ನೂಲು ಸೇರಿ ಅದನ್ನು ಅಂಟಿಸಿ ಹಿಡಿದಿವೆ. ಹಿಂದೆ ಕುಳಿತವರು ಹತ್ತಿರ ಬನ್ನಿ. ಅದರ ಅಂಚಿನಿಂದ ಇನ್ನೂ ಸಣ್ಣ ಗುಳ್ಳೆಗಳು ಏಳುತ್ತಿವೆ, ಒಳಗಿದ್ದ ಗಾಳಿ.