ಕೀಬೋರ್ಡ್ ಯಾವ ವಿಂಡೋದ್ದು? ಪ್ಲಾಸ್ಮಾದಲ್ಲಿ ಫೋಕಸ್ ಮತ್ತು ವಿಂಡೋ ರೂಲ್ಸ್

ಎಲ್ರಿಗೂ ನಮಸ್ಕಾರ. ಲಿನಕ್ಸ್ ಡೆಸ್ಕ್‌ಟಾಪ್ ಕಸ್ಟಮೈಸ್ ಮಾಡೋದು ಅಂದ್ರೆ ತುಂಬಾ ಜನ ವಾಲ್‌ಪೇಪರ್, ಐಕಾನ್, ಥೀಮ್‌ಗೇ ನಿಲ್ಲಿಸ್ಬಿಡ್ತಾರೆ. ಇವತ್ತು ಅದನ್ನೆಲ್ಲ ಬಿಟ್ಟು, ವಿಂಡೋಗಳು ಹೇಗೆ ನಡ್ಕೋಬೇಕು ಅಂತ ನಾವು ಹೇಗೆ ಹೇಳೋದು ನೋಡೋಣ. ಉದಾಹರಣೆಗೆ ಕೆಡಿಇ ಪ್ಲಾಸ್ಮಾ ಅನ್ನೋ ಡೆಸ್ಕ್‌ಟಾಪ್ ತಗೊಂಡಿದೀನಿ, ಯಾಕಂದ್ರೆ ವಿಂಡೋಗಳನ್ನ ನೋಡ್ಕೊಳ್ಳೋ ಅದರ ವಿಂಡೋ ಮ್ಯಾನೇಜರ್ ಕೆ-ವಿನ್‌ನಲ್ಲಿ ಈ ಕೆಲಸಕ್ಕೆ ಬೇಕಾದ್ದೆಲ್ಲ ಮೌಸ್‌ನಲ್ಲೇ ಆಗುತ್ತೆ, ಫೈಲ್ ಎಡಿಟ್ ಮಾಡ್ಬೇಕಿಲ್ಲ.

ಮೊದಲು ಫೋಕಸ್. ಅಂದ್ರೆ ನೀವು ಒತ್ತಿದ ಕೀ ಯಾವ ವಿಂಡೋಗೆ ಹೋಗುತ್ತೆ ಅನ್ನೋದು. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೀತಿರ್ತೀರಿ, ಅಷ್ಟರಲ್ಲಿ ಯಾವುದೋ ಚಾಟ್ ವಿಂಡೋ ಮುಂದೆ ಬಂದ್ಬಿಡುತ್ತೆ, ಅರ್ಧ ಪಾಸ್‌ವರ್ಡ್ ಅಲ್ಲಿ ಬಿದ್ದು ಎಂಟರ್ ಕೂಡ ಆಗೋಗಿರುತ್ತೆ. ಇದನ್ನ ಬರೀ ಕಿರಿಕಿರಿ ಅಂತ ಬಿಡೋಕಾಗಲ್ಲ, ಸೆಕ್ಯುರಿಟಿ ವಿಷಯ ಇದು. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಬಿಹೇವಿಯರ್‌ಗೆ ಹೋದ್ರೆ ಫೋಕಸ್ ಸ್ಟೀಲಿಂಗ್ ಪ್ರಿವೆನ್ಷನ್ ಅಂತ ಇದೆ, ‘ನನ್’ (None, ಅಂದ್ರೆ ತಡೆಯೇ ಇಲ್ಲ) ಇಂದ ಎಕ್ಸ್‌ಟ್ರೀಮ್‌ವರೆಗೆ 5 ಹಂತ, ಡೀಫಾಲ್ಟ್ ಲೋ. ಮೀಡಿಯಂಗೆ ಇಟ್ರೆ, ಬಳಕೆದಾರ ಕರೆದು ಬಂದ ವಿಂಡೋನಾ ಅಲ್ವಾ ಅಂತ ಕೆ-ವಿನ್‌ಗೆ ಡೌಟ್ ಬಂದಾಗ ಅದಕ್ಕೆ ಫೋಕಸ್ ಕೊಡಲ್ಲ, ಟಾಸ್ಕ್‌ಬಾರ್‌ನಲ್ಲಿ ಹೈಲೈಟ್ ಮಾಡಿ ಸುಮ್ನಿರುತ್ತೆ. ನನ್ನ ಪ್ರಕಾರ ಮೀಡಿಯಮ್ಮೇ ಸರಿ, ಎಕ್ಸ್‌ಟ್ರೀಮ್ ಇಟ್ರೆ ಪ್ರತಿ ಹೊಸ ವಿಂಡೋನೂ ನೀವೇ ಹೋಗಿ ಆರಿಸ್ಬೇಕು.

ಅದೇ ಪುಟದಲ್ಲಿ ಫೋಕಸ್ ಫಾಲೋಸ್ ಮೌಸ್ ಇದೆ, ಹಳೇ ಯುನಿಕ್ಸ್ ಮಂದಿಗೆ ತುಂಬಾ ಇಷ್ಟವಾದದ್ದು. ಕ್ಲಿಕ್ ಮಾಡೋದೇ ಬೇಡ, ಪಾಯಿಂಟರ್ ಎಲ್ಲಿದೆಯೋ ಟೈಪಿಂಗ್ ಅಲ್ಲಿಗೆ. ಕ್ಲಿಕ್ ಮಾಡಿದ್ರೆ ವಿಂಡೋ ಮೇಲೆ ಬರೋ ಆಪ್ಷನ್ ಬೇರೇನೇ ಇದೆ, ಅದನ್ನೂ ಆಫ್ ಮಾಡಿದ್ರೆ ಮೇಲೆ ಪಿಡಿಎಫ್ ತೆರೆದಿಟ್ಟು, ಅದರ ಹಿಂದೆ ಅರ್ಧ ಕಾಣ್ತಿರೋ ಎಡಿಟರ್‌ನಲ್ಲಿ ಬರೀತಾ ಹೋಗಬಹುದು. ದೊಡ್ಡ ಸ್ಕ್ರೀನ್ ಇಲ್ಲದೋರು ಇದನ್ನ ಒಂದು ವಾರ ಟ್ರೈ ಮಾಡ್ಲೇಬೇಕು.

ಇನ್ನು ವಿಂಡೋ ರೂಲ್ಸ್. ಆಲ್ಟ್ ಎಫ್3 ಒತ್ತಿ, ಮೋರ್ ಆಕ್ಷನ್ಸ್‌ಗೆ ಹೋಗಿ, ಕಾನ್ಫಿಗರ್ ಸ್ಪೆಷಲ್ ವಿಂಡೋ ಸೆಟ್ಟಿಂಗ್ಸ್. ಮೀಟಿಂಗ್ ವಿಂಡೋ ಯಾವಾಗ್ಲೂ ಮೇಲೇ ಇರ್ಲಿ, ಮ್ಯೂಸಿಕ್ ಪ್ಲೇಯರ್ ಎರಡನೇ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲೇ ತೆರೀಲಿ, ಹೀಗೆ ಒಂದೊಂದಕ್ಕೂ ಹೇಳ್ಬೋದು. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ: ಅಪ್ಲೈ ಇನಿಷಿಯಲಿ ಅಂದ್ರೆ ತೆರೆಯೋವಾಗ ಮಾತ್ರ, ಆಮೇಲೆ ನೀವು ಬದಲಾಯಿಸ್ಬೋದು, ಫೋರ್ಸ್ ಅಂದ್ರೆ ನೀವು ಎಳೆದ್ರೂ ಜಗ್ಗಲ್ಲ. ಹೆಚ್ಚಿನ ಸಲ ಬೇಕಾಗೋದು ಮೊದಲನೇದೇ.

ವಿಂಡೋಗಳನ್ನ ಹೀಗೆ ಬೇಕಾದ ಕಡೆ ಇಡೋ ಕೆಲಸಕ್ಕೆ ಡಬ್ಲ್ಯುಎಂಕಂಟ್ರೋಲ್, ಡೆವಿಲ್ಸ್‌ಪೈ ಬಳಸ್ತಿದ್ದೋರಿಗೆ ಒಂದು ಮಾತು. ಅವೆಲ್ಲ ಎಕ್ಸ್11 ಕಾಲದವು, ಅಂದ್ರೆ ವಿಂಡೋಗಳನ್ನ ಸ್ಕ್ರೀನ್ ಮೇಲೆ ತೋರಿಸೋ ಹಳೇ ವ್ಯವಸ್ಥೆಯವು. 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6ರಿಂದ ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಡೀಫಾಲ್ಟ್, ಅಲ್ಲಿ ಒಂದು ಆಪ್ ಇನ್ನೊಂದರ ವಿಂಡೋ ಮುಟ್ಟೋಕಾಗಲ್ಲ, ತನ್ನ ವಿಂಡೋ ಸ್ಕ್ರೀನ್‌ನಲ್ಲಿ ಎಲ್ಲಿರಬೇಕು ಅಂತ ತಾನೇ ಹೇಳೋಕೂ ಸಾಮಾನ್ಯವಾಗಿ ಆಗಲ್ಲ. ಕೆಲವರಿಗೆ ಇದ್ರಿಂದ ಬೇಜಾರಾಗಿದೆ, ಆದ್ರೆ ಹಿಡಿತ ಒಂದೇ ಕಡೆ ಇರೋದು ಒಳ್ಳೇದೇ, ಕೆ-ವಿನ್ ರೂಲ್ಸ್ ಅಲ್ಲೂ ನಡೆಯುತ್ತೆ.

ಕೊನೇದು, ಕನ್ನಡದಲ್ಲಿ ಟೈಪ್ ಮಾಡೋ ನಮಗೇ ಅಂತ ಹೇಳ್ತಿರೋದು. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್ಸ್‌ನಲ್ಲಿ ಕಗಪ ಅನ್ನೋ ಕನ್ನಡ ಲೇಔಟ್ ಸೇರಿಸಿ, ಸ್ವಿಚಿಂಗ್ ಪಾಲಿಸಿಯನ್ನ ಗ್ಲೋಬಲ್‌ನಿಂದ ವಿಂಡೋಗೆ ಬದಲಾಯಿಸಿ. ಆಗ ರೈಟರ್‌ನಲ್ಲಿ ಕನ್ನಡ ಇದ್ರೂ ಟರ್ಮಿನಲ್‌ಗೆ ಬಂದ್ರೆ ತಾನಾಗೇ ಇಂಗ್ಲಿಷ್, ವಾಪಸ್ ಹೋದ್ರೆ ಕನ್ನಡ. ಗ್ನೋಮ್ ಅನ್ನೋ ಇನ್ನೊಂದು ಡೆಸ್ಕ್‌ಟಾಪ್‌ನಲ್ಲೂ ಪ್ರತಿ ವಿಂಡೋಗೆ ಬೇರೆ ಬೇರೆ ಇನ್‌ಪುಟ್ ಸೋರ್ಸ್ ಇಟ್ಕೊಳ್ಳೋ ಆಯ್ಕೆ ಇದೆ. ಲ್ಯಾಪ್‌ಟಾಪ್ ತಂದೋರು ತೆರೀರಿ, ಈ ಸೆಟ್ಟಿಂಗ್‌ನಿಂದಲೇ ಶುರು ಮಾಡೋಣ.