ತೂಬಿಗೆ ಒಬ್ಬನೇ ನೀರುಗಂಟಿ

ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ನೀರುಗಂಟಿ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ತೂಬು ಎತ್ತೋದು, ಇಳಿಸೋದು ಅವನ ಕೈಲಿ. ನೀರು ಬೇಕಾದವರು ಅವನಿಗೆ ಹೇಳಬೇಕು, ತಾವೇ ಹೋಗಿ ತೂಬು ಮುಟ್ಟೋ ಹಾಗಿಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಡ್ರೈವರ್ (ಹಾರ್ಡ್‌ವೇರ್ ನಡೆಸೋ ಸಾಫ್ಟ್‌ವೇರ್) ಬರೆಯೋಕೆ ಹೋಗುವವರು ಈ ಕಟ್ಟಳೆಯನ್ನ ಲ್ಯಾಪ್‌ಟಾಪ್ ಜೊತೆ ಬ್ಯಾಗಿಗೆ ಹಾಕಿಕೊಂಡು ಹೋಗಲಿ.

ಲಿನಕ್ಸ್ ಡ್ರೈವರ್‌ನಲ್ಲಿ ರನ್‌ಟೈಮ್ ಪಿಎಂ, ಅಂದ್ರೆ ಕೆಲಸವಿಲ್ಲದ ಡಿವೈಸನ್ನ ಮಲಗಿಸಿ ವಿದ್ಯುತ್ ಉಳಿಸೋ ವ್ಯವಸ್ಥೆ, ತಂದಮೇಲೆ, ಕ್ಲಾಕ್ (ಡಿವೈಸನ್ನ ನಡೆಸೋ ಮಿಡಿತ) ಆನ್-ಆಫ್ ಮಾಡೋದು ರನ್‌ಟೈಮ್ ರಿಸ್ಯೂಮ್ (ಎಬ್ಬಿಸೋದು), ರನ್‌ಟೈಮ್ ಸಸ್ಪೆಂಡ್ (ಮಲಗಿಸೋದು) ಕಾಲ್‌ಬ್ಯಾಕ್‌ಗಳ, ಅಂದ್ರೆ ಕರ್ನಲ್ ತಾನೇ ಕರೆಯೋ ಫಂಕ್ಷನ್‌ಗಳ ಕೆಲಸ. ಇಲ್ಲಿ ನೀರುಗಂಟಿ ಅವೇ. ಟ್ರಾನ್ಸ್‌ಫರ್ ಫಂಕ್ಷನ್ನಿನಲ್ಲೊಂದು ಎನೇಬಲ್, ಎರರ್ ಪಾತ್‌ನಲ್ಲೊಂದು ಡಿಸೇಬಲ್ ಅಂತ ಚೆಲ್ಲಿದರೆ, ಕ್ಲಾಕನ್ನ ಎಷ್ಟು ಸಲ ಆನ್ ಕೇಳಿದ್ದಾರೆ ಅನ್ನೋ ಎಣಿಕೆ ಕೆಟ್ಟೇ ಕೆಡುತ್ತೆ. ಆ ಎಣಿಕೆ 0 ಆದಾಗಲೇ ಕ್ಲಾಕ್ ನಿಲ್ಲೋದು. ಡೆವ್‌ಎಂ ಕ್ಲಾಕ್ ಗೆಟ್ ಎನೇಬಲ್ಡ್ ಅನ್ನೋ ಫಂಕ್ಷನ್ ನೋಡೋಕೆ ಚೆಂದ, ಒಂದೇ ಸಾಲಲ್ಲಿ ಕ್ಲಾಕ್ ತಂದು ಆನ್ ಮಾಡುತ್ತೆ. ಆದರೆ ಅದು ತಗೊಂಡ ಎಣಿಕೆಯನ್ನ ಡ್ರೈವರ್ ಬಿಡೋವರೆಗೂ ಹಿಡಿದಿರುತ್ತೆ. ಕಾಲ್‌ಬ್ಯಾಕ್‌ನಲ್ಲಿ ಇನ್ನೊಂದು ಜೊತೆ ಎನೇಬಲ್-ಡಿಸೇಬಲ್ ಬರೆದರೂ ಕ್ಲಾಕ್ ನಿಲ್ಲೋದೇ ಇಲ್ಲ, ಬ್ಯಾಟರಿ ಸೋರುತ್ತೆ. ರನ್‌ಟೈಮ್ ಪಿಎಂ ಇರೋ ಕಡೆ ಅದನ್ನ ಬಳಸಬೇಡಿ.

ಎಲ್ಲಕ್ಕಿಂತ ಕೆಟ್ಟ ತಪ್ಪು ರಿಮೂವ್‌ನಲ್ಲಿ, ಅಂದ್ರೆ ಡ್ರೈವರ್ ತೆಗೆಯುವಾಗ ಓಡೋ ಫಂಕ್ಷನ್ನಿನಲ್ಲಿ. ಎಸ್‌ಪಿಐ, ಯುಆರ್ಟ್ (ಚಿಪ್ಪಿನೊಳಗಿನ ಎರಡು ಸಂಪರ್ಕ ಬ್ಲಾಕ್‌ಗಳು) ಎರಡೂ ಒಂದೇ ಬಸ್ (ಚಿಪ್ಪಿನೊಳಗೆ ಡೇಟಾ ಓಡೋ ದಾರಿ) ಕ್ಲಾಕ್ ಮೇಲಿವೆ ಅನ್ನಿ, ಎನೇಬಲ್ ಎಣಿಕೆ 2. ಎಸ್‌ಪಿಐ ಸುಮ್ಮನಿದ್ದಾಗ ಸಸ್ಪೆಂಡ್ ಆಗಿ 1ಕ್ಕೆ ಇಳಿಯಿತು. ಈಗ ಎಸ್‌ಪಿಐ ಡ್ರೈವರ್‌ನ ಮಾಡ್ಯೂಲ್ ತೆಗೆದರೆ ರಿಮೂವ್ ಒಳಗೆ ಯಾರೋ ಕಣ್ಣುಮುಚ್ಚಿ ಬರೆದ ಡಿಸೇಬಲ್ ಓಡುತ್ತೆ, ಎಣಿಕೆ 0. ಎಚ್ಚರಿಕೆ ಒಂದೂ ಬರಲ್ಲ, ಯಾಕಂದ್ರೆ ಈ ಎಣಿಕೆ ಕ್ಲಾಕಿನದು, ಯಾರು ಎಷ್ಟು ತಗೊಂಡ್ರು ಅನ್ನೋ ಲೆಕ್ಕ ಅದಕ್ಕಿಲ್ಲ. ಸತ್ತಿದ್ದು ಪಕ್ಕದ ಯುಆರ್ಟ್. ಆಮೇಲೆ ಅದು ತನ್ನ ಪಾಡಿಗೆ ಕ್ಲಾಕ್ ಬಿಡೋಕೆ ಹೋದಾಗ ‘ಆಲ್ರೆಡಿ ಡಿಸೇಬಲ್ಡ್’ ಅಂತ ಲಾಗ್ ಬೀಳುತ್ತೆ, ಸ್ಟ್ಯಾಕ್ ಟ್ರೇಸ್‌ನಲ್ಲಿರೋದು ಯುಆರ್ಟ್ ಹೆಸರು. ಯಾರೋ ತೂಬು ಮುಚ್ಚಿದರು, ಬೈಗುಳ ಇನ್ಯಾರಿಗೋ. ಅದಕ್ಕೇ ರಿಮೂವ್‌ನಲ್ಲಿ ಮೊದಲು ಪಿಎಂ ರನ್‌ಟೈಮ್ ಡಿಸೇಬಲ್ ಮಾಡಿ, ಡಿವೈಸ್ ಆಗಲೇ ಸಸ್ಪೆಂಡ್ ಆಗಿದೆಯಾ ಅಂತ ಕೇಳಿ, ಇಲ್ಲದಿದ್ದರೆ ಮಾತ್ರ ಕ್ಲಾಕ್ ಬಿಡಿ.

ಪ್ರೋಬ್‌ನಲ್ಲಿ (ಡಿವೈಸ್ ಸಿಕ್ಕಾಗ ಓಡೋ ಫಂಕ್ಷನ್) ಮಾತ್ರ ನೇರವಾಗಿ ಕ್ಲಾಕ್ ಆನ್ ಮಾಡಬಹುದು. ಕ್ಲಾಕ್ ಪ್ರಿಪೇರ್ ಎನೇಬಲ್, ಆಮೇಲೆ ಗೆಟ್ ನೋರಿಸ್ಯೂಮ್ (ಎಬ್ಬಿಸದೆ ಡಿವೈಸಿನ ಬಳಕೆಯ ಎಣಿಕೆ ಮಾತ್ರ ಏರಿಸೋದು), ಸೆಟ್ ಆಕ್ಟಿವ್ (ಡಿವೈಸ್ ಎಚ್ಚರವಿದೆ ಅಂತ ತಿಳಿಸೋದು), ಆಟೋಸಸ್ಪೆಂಡ್ ಡಿಲೇ (ಮಲಗಿಸೋ ಮುಂಚೆ ಕಾಯೋ ಹೊತ್ತು), ಕೊನೆಗೆ ಪಿಎಂ ರನ್‌ಟೈಮ್ ಎನೇಬಲ್. ಹಾರ್ಡ್‌ವೇರ್ ಸೆಟಪ್ ಮುಗಿದಮೇಲೆ ಪುಟ್ ಆಟೋಸಸ್ಪೆಂಡ್ (ಆ ಬಳಕೆಯ ಎಣಿಕೆ ಇಳಿಸೋದು). ಸೆಟ್ ಆಕ್ಟಿವ್ ಮರೆತರೆ ಫ್ರೇಮ್‌ವರ್ಕ್ ಡಿವೈಸ್ ಮಲಗಿದೆ ಅಂದುಕೊಂಡಿರುತ್ತೆ, ಮೊದಲ ಗೆಟ್‌ಗೇ ರಿಸ್ಯೂಮ್ ಓಡಿ ಕ್ಲಾಕಿನ ಎಣಿಕೆ 2 ಆಗುತ್ತೆ, ಆ ಹೆಚ್ಚಿನ ಒಂದು ಇಳಿಯೋದೇ ಇಲ್ಲ. ಈ ಕ್ರಮದಿಂದ ಇನ್ನೊಂದು ಲಾಭ: ಕರ್ನಲ್‌ನಲ್ಲಿ ಪಿಎಂ ಆಪ್ಷನ್ ಆಫ್ ಇದ್ದರೆ ಗೆಟ್ ಏನೂ ಮಾಡದೆ ಯಶಸ್ಸು ಅನ್ನುತ್ತೆ. ಪ್ರೋಬ್‌ನಲ್ಲೇ ಕ್ಲಾಕ್ ಆನ್ ಆಗಿದ್ದರೆ ಆಗಲೂ ಡ್ರೈವರ್ ನಡೆಯುತ್ತೆ.

ಡಿವೈಸನ್ನ ಎಬ್ಬಿಸೋ ಗೆಟ್ ಸಿಂಕ್ ಸೋತರೂ ಡಿವೈಸಿನ ಬಳಕೆಯ ಎಣಿಕೆ ಏರಿಸಿಯೇ ಬಿಟ್ಟಿರುತ್ತೆ. ಎರರ್ ನೋಡಿ ಸುಮ್ಮನೆ ರಿಟರ್ನ್ ಮಾಡಿದರೆ ಡಿವೈಸ್ ಮತ್ತೆ ಮಲಗಲ್ಲ. 5.10 ಕರ್ನಲ್‌ನಿಂದ ರಿಸ್ಯೂಮ್ ಅಂಡ್ ಗೆಟ್ ಇದೆ, ಸೋತರೆ ತಾನೇ ಇಳಿಸುತ್ತೆ. ಹೊಸ ಕೋಡ್‌ನಲ್ಲಿ ಅದೇ ಇರಲಿ.

ಇಂಟರಪ್ಟ್ (ಡಿವೈಸ್ ಪ್ರೊಸೆಸರನ್ನ ಕರೆಯೋ ಸಂಕೇತ) ಕಡೆ ಒಂದು ಮಾತು. ಕ್ಲಾಕ್ ಇಲ್ಲದ ಬ್ಲಾಕಿನ ರಿಜಿಸ್ಟರ್ ಓದಿದರೆ ಕೆಲವು ಚಿಪ್‌ಗಳಲ್ಲಿ ಬಸ್ಸೇ ಸ್ತಬ್ಧ, ಕೆಲವು ಎಆರ್‌ಎಂ ಚಿಪ್‌ಗಳಲ್ಲಿ ಎಕ್ಸ್‌ಟರ್ನಲ್ ಅಬಾರ್ಟ್ ಅನ್ನೋ ದೋಷ. ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಮೊದಲು ಡಿವೈಸ್‌ನ ಇಂಟರಪ್ಟ್ ಮಾಸ್ಕ್ ಮಾಡಿ (ತಡೆಯಿರಿ), ಓಡ್ತಿರೋ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡೋ ಫಂಕ್ಷನ್) ಮುಗಿಯಲಿ, ಆಮೇಲೆ ಕ್ಲಾಕ್ ನಿಲ್ಲಿಸಿ. ಹ್ಯಾಂಡ್ಲರ್ ಒಳಗೇ ರಿಸ್ಯೂಮ್ ಮಾಡೋ ಆಸೆಗೆ ಐಆರ್‌ಕ್ಯೂ ಸೇಫ್ (ಇಂಟರಪ್ಟ್ ತಡೆದಿರುವಾಗಲೂ ಕಾಲ್‌ಬ್ಯಾಕ್ ಓಡಿಸಬಹುದು ಅನ್ನೋ ಗುರುತು) ಹಾಕಬೇಡಿ. ಕ್ಲಾಕ್ ಪ್ರಿಪೇರ್ ನಿದ್ದೆಗೆ ಹೋಗಬಹುದು, ಅಲ್ಲಿ ಕರೆಯೋ ಹಾಗಿಲ್ಲ. ಮೇಲಾಗಿ ಆ ಗುರುತು ಹಾಕಿದರೆ ಪೇರೆಂಟ್ ಡಿವೈಸ್ (ಇದು ತಗುಲಿಕೊಂಡಿರೋ ಮೇಲಿನ ಡಿವೈಸ್) ಸದಾ ಎಚ್ಚರವಾಗಿಯೇ ಉಳಿಯುತ್ತೆ. ಉಳಿಸೋಕೆ ಹೋಗಿ ಇನ್ನೂ ಖರ್ಚು!

ಅನುಮಾನ ಬಂದರೆ ಸಿಸ್‌ಎಫ್‌ಎಸ್‌ನಲ್ಲಿ (ಡಿವೈಸ್‌ಗಳನ್ನ ಫೈಲುಗಳಾಗಿ ತೋರಿಸೋ ಜಾಗ) ಆ ಡಿವೈಸ್‌ನ ಪವರ್ ಕಂಟ್ರೋಲ್ ಫೈಲಿಗೆ ‘ಆನ್’ ಬರೆಯಿರಿ. ತೊಂದರೆ ಮಾಯವಾದರೆ ಕಳ್ಳ ರನ್‌ಟೈಮ್ ಪಿಎಂ ಹಾದಿಯಲ್ಲೇ ಇದ್ದಾನೆ. ಆಮೇಲೆ ‘ಆಟೋ’ಗೆ ವಾಪಸ್ ತಂದು, ಡೀಬಗ್‌ಎಫ್‌ಎಸ್‌ನ (ಕರ್ನಲ್‌ನ ಒಳಗಿನ ಸ್ಥಿತಿ ತೋರಿಸೋ ಜಾಗ) ಕ್ಲಾಕ್ ಸಮ್ಮರಿ ತೆಗೆದು ಎನೇಬಲ್ ಎಣಿಕೆ ಬರೆದಿಟ್ಟುಕೊಳ್ಳಿ. ಮಾಡ್ಯೂಲನ್ನ ಹತ್ತು ಸಲ ಹಾಕಿ ತೆಗೆಯಿರಿ. ಒಂದು ಸಲ ಕೆಲಸದ ನಡುವೆ, ಒಂದು ಸಲ ಮಲಗಿದ ಮೇಲೆ ತೆಗೆಯಿರಿ, ಎರಡು ದಾರಿಯೂ ಪರೀಕ್ಷೆಯಾಗಲಿ. ಎಣಿಕೆ ಮೊದಲಿನಷ್ಟೇ ಇಲ್ಲ ಅಂದ್ರೆ ಪ್ಯಾಚ್ ಕಳಿಸಬೇಡಿ.